ನಾಲ್ಕು ಸಲ ಎದ್ದು ಐದನೇ ಸಲ ಏಳದ ವಂಶ

(ಧಾರವಾಡದಲ್ಲಿ ವಿಜ್ಞಾನದ ಆಸಕ್ತರು ಸೇರಿದ್ದ ಒಂದು ಸಭೆಯಲ್ಲಿ, ಈಗ ಅಳಿದುಹೋಗಿರುವ ಅಮೋನೈಟ್ ಎಂಬ ಸಮುದ್ರಪ್ರಾಣಿಯ ಬಗ್ಗೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಿಂತು ಸಮುದ್ರದ ಚಿಪ್ಪಿನ ಬಗ್ಗೆ ಮಾತಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ನಮ್ಮ ಕಾಲಡಿಯ ಕಲ್ಲಿನಲ್ಲಿ ಒಂದು ಚಿಪ್ಪೂ ಇಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಭಾಗದ ಶಿಲೆಗಳಿಗೆ ನಮ್ಮೂರಿನ ಹೆಸರನ್ನೇ ಇಟ್ಟರು. ಇವತ್ತಿಗೂ ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಗೂ ಧಾರವಾಡ ಅಂದರೆ ಮೊದಲು ನೆನಪಾಗುವುದು ಕಲ್ಲು, ಪೇಡೆ ಅಲ್ಲ. ಗದಗದ ಕಪ್ಪತಗುಡ್ಡವೂ ಅದೇ ಬಳಗದ್ದು. ಇವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಚಿಪ್ಪು ಕಟ್ಟುವ ಪ್ರಾಣಿಗಳು ಬಂದದ್ದು ಸುಮಾರು 55 ಕೋಟಿ ವರ್ಷದ ಹಿಂದೆ. ಹಾಗಾಗಿ ಕಪ್ಪತಗುಡ್ಡವನ್ನು ಬುಡಸಮೇತ ಅಗೆದರೂ ಶಂಖ ಸಿಗುವುದಿಲ್ಲ. ಬಂಗಾರದ ಚೂರು ಸಿಕ್ಕರೂ ಸಿಗಬಹುದು, ಅಲ್ಲಿನ ಗಣಿಗಾರಿಕೆಯ ಜಗಳ ನಿಮಗೆಲ್ಲ ಗೊತ್ತೇ ಇದೆ.

ಆದರೂ ನಾನು ಇವತ್ತು ಹೇಳಬೇಕೆಂದಿರುವ ಪ್ರಾಣಿ ಈ ಊರಿನ ಎಷ್ಟೋ ಮನೆಗಳಲ್ಲಿದೆ. ದೇವರ ಮನೆಯಲ್ಲಿ, ಪೆಟ್ಟಿಗೆಯೊಳಗೆ, ತುಳಸಿ ದಳದ ಕೆಳಗೆ.

ಹೌದು, ಶಾಲಿಗ್ರಾಮ. ನೇಪಾಳದ ಗಂಡಕಿ ನದಿಯಿಂದ ಬರುವ ಕರಿ ಕಲ್ಲು. ಎಲ್ಲ ಶಾಲಿಗ್ರಾಮದಲ್ಲೂ ಸುರುಳಿ ಇರುವುದಿಲ್ಲ. ಇರುವಂಥದ್ದನ್ನು ಒಮ್ಮೆ ಹಗಲು ಬೆಳಕಿನಲ್ಲಿ, ಮನೆಯ ಹಿರಿಯರನ್ನು ಕೇಳಿಕೊಂಡು, ಹತ್ತಿರದಿಂದ ನೋಡಿ. ಹೊರಗಿನ ಕಲ್ಲು ನುಣುಪು. ವದನ ಅಂತ ಕರೆಯುವ ತೂತಿನ ಒಳಗೆ ಚಕ್ರ ಕಾಣುತ್ತದೆ. ಚಕ್ರದ ಸುತ್ತು ಹೊರಗೆ ಬಂದಂತೆ ಅಗಲವಾಗುತ್ತದೆ. ಸುತ್ತಿನ ಮೇಲೆ ಸಾಲಾಗಿ ಅಡ್ಡ ಏಣುಗಳಿವೆ. ಕೆಲವದರಲ್ಲಿ ಆ ಏಣು ಅರ್ಧ ದಾರಿಯಲ್ಲಿ ಎರಡಾಗಿ ಕವಲೊಡೆಯುತ್ತದೆ. ವಜ್ರಕೀಟ ಎಂಬ ಹುಳು ಕಲ್ಲನ್ನು ಕೊರೆದು ಈ ಚಕ್ರ ಮಾಡಿತು ಅಂತ ಹಿರಿಯರು ಹೇಳುತ್ತಾರೆ. ಭೂವಿಜ್ಞಾನ ಹೇಳುವುದು ಇಷ್ಟು: ಹಿಮಾಲಯ ಹುಟ್ಟುವ ಮೊದಲು ಅಲ್ಲಿ ಸಮುದ್ರ ಇತ್ತು, ಅದರ ತಳದ ಕರಿ ಕೆಸರಿನಲ್ಲಿ ಸತ್ತ ಚಿಪ್ಪಿನ ಸುತ್ತ ಕಲ್ಲು ಗಂಟು ಕಟ್ಟಿತು, ಚಿಪ್ಪು ಹೋದರೂ ಅಚ್ಚು ಉಳಿಯಿತು. ವಯಸ್ಸು ಹೆಚ್ಚುಕಮ್ಮಿ 14-15 ಕೋಟಿ ವರ್ಷ. ಸ್ಪಿತಿ ಕಣಿವೆಯಲ್ಲೂ ಇದೇ ಕರಿ ಪದರ ಇದೆ. ಪೂಜೆ ಮಾಡುವವರ ಜೊತೆ ನನಗೆ ಯಾವ ತಕರಾರೂ ಇಲ್ಲ. ಇಷ್ಟು ಜತನದಿಂದ ಪಳೆಯುಳಿಕೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಮ್ಯೂಸಿಯಂ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ಆ ಚಿಪ್ಪಿನ ಪ್ರಾಣಿಯ ಹೆಸರು ಅಮೋನೈಟ್. ಸೆಫಲೋಪಾಡ್ ಬಳಗದ್ದು. ಇವತ್ತಿನ ಆಕ್ಟೋಪಸ್, ಬೊಂಡಾಸ್ (ಸ್ಕ್ವಿಡ್), ಇವತ್ತಿಗೂ ಸುರುಳಿ ಹೊರಚಿಪ್ಪು ಹೊತ್ತು ಬದುಕಿರುವ ನಾಟಿಲಸ್ ಎಲ್ಲ ಇದೇ ಬಳಗ.

ಅಮೋನೈಟ್ ಅಂದರೆ ಬಸವನಹುಳು ಅಂದುಕೊಳ್ಳುವವರು ಬಹಳ. ಅಲ್ಲ. ಬಸವನಹುಳುವಿನ ಚಿಪ್ಪು ತುದಿತನಕ ಒಂದೇ ಕೊಳವೆ. ಅಮೋನೈಟನ್ನು ನಡುವೆ ಸೀಳಿದರೆ ಒಳಗೆ ಕೋಣೆ ಕೋಣೆ. ಪ್ರಾಣಿ ಇರುತ್ತಿದ್ದದ್ದು ಕೊನೆಯ ದೊಡ್ಡ ಕೋಣೆಯಲ್ಲಿ ಮಾತ್ರ. ಬೆಳೆದಂತೆಲ್ಲ ಮುಂದೆ ಸರಿದು ಹಿಂದೆ ಒಂದು ಗೋಡೆ ಕಟ್ಟುತ್ತಿತ್ತು. ಎಲ್ಲ ಗೋಡೆಗಳನ್ನೂ ಹಾದು ಒಂದು ಸಣ್ಣ ನಳಿಗೆ ಹೋಗುತ್ತದೆ. ಹೊಸ ಕೋಣೆಯ ನೀರನ್ನು ಆ ನಳಿಗೆಯಿಂದ ನಿಧಾನಕ್ಕೆ ಹೀರಿ ತೆಗೆದರೆ ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಇಷ್ಟು ಮಾಡಿದರೆ ಕಲ್ಲಿನಂಥ ಚಿಪ್ಪು ಹೊತ್ತ ಪ್ರಾಣಿ ತಳಕ್ಕೆ ಬೀಳದೆ ನೀರಿನ ನಡುವೆ ನಿಲ್ಲಬಹುದು. ಸೆಫಲೋಪಾಡ್‌ಗಳ ಇಡೀ ಚರಿತ್ರೆ ನಿಂತಿರುವುದು ಈ ಒಂದು ಉಪಾಯದ ಮೇಲೆ.

ಗೋಡೆ ಹೊರಚಿಪ್ಪನ್ನು ಮುಟ್ಟುವ ಕಡೆ ಒಂದು ಗೆರೆ ಬೀಳುತ್ತದೆ. ಮೇಲಿನ ಚಿಪ್ಪು ಉದುರಿದ ಪಳೆಯುಳಿಕೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪಳೆಯುಳಿಕೆ ತಜ್ಞರು ಅಮೋನೈಟ್ ಯಾವ ಬಳಗದ್ದು ಅಂತ ಗುರುತಿಸುವುದು ಬಹಳಮಟ್ಟಿಗೆ ಈ ಗೆರೆ ನೋಡಿ. ಸಭೆಯಲ್ಲಿ ಕಸೂತಿ ಹಾಕುವ ತಾಯಂದಿರು ಇದ್ದಾರೆ, ಅವರಿಗೆ ಬೇಗ ತಿಳಿಯುತ್ತದೆ. ನಾಟಿಲಸ್ ಬಳಗದ ಗೆರೆ ಗವಂತಿಯ ಹಾಗೆ ಸರಳ, ಬಹಳ ಅಂದರೆ ಒಂದು ಅಲೆ. ಅಮೋನೈಟ್ ವಂಶದ ಹಿರಿಯ, 30 ಕೋಟಿ ವರ್ಷ ಹಿಂದಿನ ಗೋನಿಯಾಟೈಟ್‌ನ ಗೆರೆ ಮುರ್ಗಿ ಹೊಲಿಗೆ, ಮೇಲೆ ಕೆಳಗೆ ಚೂಪು ಚೂಪು. ಆಮೇಲೆ ಬಂದ ಸೆರಟೈಟ್‌ಗಳಲ್ಲಿ ಏರಿನ ಕಡೆ ದುಂಡಗೆ, ಇಳಿಜಾರಿನ ಕಡೆ ಸಣ್ಣ ಹಲ್ಲು. ಜುರಾಸಿಕ್, ಕ್ರಿಟೇಷಿಯಸ್ ಕಾಲದ (20 ಕೋಟಿಯಿಂದ 6.6 ಕೋಟಿ ವರ್ಷದ ಹಿಂದಿನ) ಅಮೋನೈಟ್‌ಗಳಿಗೆ ಬಂದರೆ ಗೆರೆಯೊಳಗೆ ಗೆರೆ ಒಡೆದು, ಅದರೊಳಗೆ ಮತ್ತೆ ಒಡೆದು, ಯಾವ ಸೂಜಿಗೂ ಬಗ್ಗದ ಹಾಗಾಗುತ್ತದೆ.

ಇಷ್ಟೆಲ್ಲ ಸುಕ್ಕು ಯಾಕೆ? ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ 1836ರಲ್ಲೇ ಒಂದು ಉತ್ತರ ಕೊಟ್ಟಿದ್ದರು: ಆಳದ ನೀರಿನ ಒತ್ತಡ ತಡೆಯುವುದಕ್ಕೆ. 2021ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ತ್ರೀಡಿ ಪ್ರಿಂಟ್ ಮಾಡಿದ ಮಾದರಿಗಳನ್ನು ಇಟ್ಟುಕೊಂಡು ಇನ್ನೊಂದು ಮಾತು ಹೇಳಿದರು. ಸುಕ್ಕು ಜಾಸ್ತಿ ಇದ್ದರೆ ಗೋಡೆಗೆ ನೀರು ಹೆಚ್ಚು ಅಂಟಿಕೊಂಡು ನಿಲ್ಲುತ್ತದೆ, ತೂಕ ಹೊಂದಿಸುವುದು ಸುಲಭ ಅಂತ. ನನಗೆ ಎರಡನೇ ಮಾತು ಹೆಚ್ಚು ಹಿಡಿಸುತ್ತದೆ. ಜಗಳವಂತೂ ಇನ್ನೂ ಮುಗಿದಿಲ್ಲ.

ಇನ್ನು ಕಾಲದ ಕಥೆ.

ಸೆಫಲೋಪಾಡ್ ಅಂತ ಹೆಚ್ಚಿನವರು ಒಪ್ಪುವ ಮೊದಲ ಪ್ರಾಣಿ ಪ್ಲೆಕ್ಟ್ರೊನೊಸೆರಸ್. ಉತ್ತರ ಚೀನಾದಲ್ಲಿ ಸಿಕ್ಕಿದ್ದು. ಸುಮಾರು 49 ಕೋಟಿ ವರ್ಷ ಹಳೆಯದು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಅಷ್ಟೇ. ಮುಂದಿನ ಆರ್ಡೊವಿಶಿಯನ್ ಕಾಲದಲ್ಲಿ ಇದರ ವಂಶ ಸಮುದ್ರವನ್ನೇ ಆಳಿತು. ನೆಟ್ಟಗೆ ಚಾಚಿದ ಚಿಪ್ಪಿನ ಎಂಡೋಸೆರಸ್‌ನ ಮೂರು ಮೀಟರ್ ಉದ್ದದ ತುಂಡು ಸಿಕ್ಕಿದೆ. ತುಂಡೇ ಅಷ್ಟು. ಪೂರ್ತಿ ಚಿಪ್ಪು ಐದು ಮೀಟರ್ ದಾಟಿತ್ತು ಅಂತ ಅಂದಾಜು. ಆಗ ಮೀನುಗಳು ಇನ್ನೂ ದವಡೆಯಿಲ್ಲದ ಬಡಪಾಯಿಗಳು, ಎದುರು ನಿಲ್ಲುವವರೇ ಇರಲಿಲ್ಲ.

ಅಮೋನೈಟ್‌ಗಳ ಹಿರಿಯರು, ಅಂದರೆ ಅಮೋನಾಯ್ಡ್ ವಂಶ, ಬಂದದ್ದು ಡೆವೋನಿಯನ್ ಕಾಲದ ಶುರುವಿನಲ್ಲಿ. 40 ಕೋಟಿ ವರ್ಷಕ್ಕೂ ಸ್ವಲ್ಪ ಹಿಂದೆ. ನೆಟ್ಟಗಿನ ಚಿಪ್ಪು ಮೊದಲು ಬಾಗಿತು, ಆಮೇಲೆ ಸಡಿಲವಾಗಿ ಸುತ್ತಿತು, ಆಮೇಲೆ ಸುತ್ತಿಗೆ ಸುತ್ತು ಅಂಟಿತು. ಈ ಹಂತಗಳೆಲ್ಲ ಕಲ್ಲಿನಲ್ಲಿ ಒಂದರ ಮೇಲೊಂದು ಸಿಗುತ್ತವೆ. ವಿಕಾಸವನ್ನು ಇಷ್ಟು ಸಲೀಸಾಗಿ ತೋರಿಸುವ ಪ್ರಾಣಿ ಅಪರೂಪ. ಅಲ್ಲಿಂದ 6.6 ಕೋಟಿ ವರ್ಷದ ಹಿಂದಿನ ತನಕ ಇವು ಬದುಕಿದವು. ಹೆಸರಿಟ್ಟ ಪ್ರಭೇದಗಳೇ ಹತ್ತು ಸಾವಿರಕ್ಕೂ ಹೆಚ್ಚು.

ಈ ಅವಧಿಯ ವೈವಿಧ್ಯದ ನಕ್ಷೆ ಬರೆದರೆ, ಒಂದು ಗುಡ್ಡ ಏರಿ ಇಳಿದ ಹಾಗೆ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹುಟ್ಟು, ಬೆಳವಣಿಗೆ, ಮುಪ್ಪು, ಸಾವು. ನಿಜವಾದ ನಕ್ಷೆ ಹಾಗಿಲ್ಲ. ಏರುತ್ತದೆ, ಒಮ್ಮೆಲೆ ತಳ ಮುಟ್ಟುತ್ತದೆ, ಮತ್ತೆ ಏರುತ್ತದೆ. ನನ್ನ ಲೆಕ್ಕದಲ್ಲಿ ಐದು ದೊಡ್ಡ ಪೆಟ್ಟು. ಸಣ್ಣವು ಬೇಕಾದಷ್ಟಿವೆ, ಅವನ್ನು ಇವತ್ತು ಬಿಡುತ್ತೇನೆ.

ಮೊದಲನೆಯದು 37.2 ಕೋಟಿ ವರ್ಷದ ಹಿಂದೆ. ಸಮುದ್ರದಲ್ಲಿ ಆಮ್ಲಜನಕ ಕಡಿಮೆಯಾಯಿತು, ವಂಶ ಬಹುಪಾಲು ಹೋಯಿತು. ಉಳಿದ ಕೆಲವರಿಂದ ಮತ್ತೆ ತುಂಬಿಕೊಂಡಿತು. ಆಗ ಬಂದವರಲ್ಲಿ ಕ್ಲೈಮೇನಿಯಾ ಅನ್ನುವ ವಿಚಿತ್ರ ಬಳಗ ಒಂದಿತ್ತು. ಎಲ್ಲ ಅಮೋನಾಯ್ಡ್‌ಗಳಿಗೂ ಆ ನಳಿಗೆ ಸುರುಳಿಯ ಹೊರ ಅಂಚಿನಲ್ಲಿದ್ದರೆ ಇವಕ್ಕೆ ಒಳ ಅಂಚಿನಲ್ಲಿ. 35.9 ಕೋಟಿ ವರ್ಷದ ಹಿಂದೆ ಎರಡನೇ ಪೆಟ್ಟು ಬಿತ್ತು. ಕ್ಲೈಮೇನಿಯಾಗಳು ಒಂದೂ ಉಳಿಯಲಿಲ್ಲ. ಮಿಕ್ಕವರಲ್ಲಿ ಬೆರಳೆಣಿಕೆಯ ಕುಲಗಳು, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳು, ದಾಟಿದವು. ಆ ಕೆಲವರಿಂದ ಮುಂದಿನ ಹತ್ತು ಕೋಟಿ ವರ್ಷದ ಗೋನಿಯಾಟೈಟ್‌ಗಳೆಲ್ಲ ಬಂದವು.

ಮೂರನೆಯದರ ಹತ್ತಿರ ಸ್ವಲ್ಪ ನಿಲ್ಲೋಣ. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದೇ.

25.2 ಕೋಟಿ ವರ್ಷದ ಹಿಂದೆ, ಪರ್ಮಿಯನ್ ಕಾಲದ ಕೊನೆಗೆ, ಭೂಮಿ ಕಂಡ ಅತಿ ದೊಡ್ಡ ಅಳಿವು ನಡೆಯಿತು. ಸೈಬೀರಿಯಾದಲ್ಲಿ ಲಾವಾ ಹರಿಯಿತು. ಗಾಳಿಗೆ ಇಂಗಾಲದ ಡೈಆಕ್ಸೈಡ್ ಸುರಿಯಿತು. ಸಮುದ್ರ ಕಾದು, ಉಸಿರಾಡಲು ಗಾಳಿ ಸಾಲದೆ, ಸಾಗರದ ಪ್ರಭೇದಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಹೋದವು. ಅಮೋನಾಯ್ಡ್‌ಗಳಲ್ಲಿ ಎರಡು ಮೂರು ಕವಲು ಮಾತ್ರ ಆಚೆ ದಡ ಸೇರಿದವು.

ಇಂಥ ಪೆಟ್ಟಿನಿಂದ ಸುಧಾರಿಸಿಕೊಳ್ಳುವುದಕ್ಕೆ ಎಲ್ಲ ಪ್ರಾಣಿಗಳಿಗೂ ಐವತ್ತು ಲಕ್ಷ, ಒಂದು ಕೋಟಿ ವರ್ಷ ಬೇಕಾಯಿತು ಅಂತ ಬಹಳ ದಿನ ಪುಸ್ತಕಗಳಲ್ಲಿ ಬರೆದಿತ್ತು. ಹವಳದ ದಿಬ್ಬಗಳ ಮಟ್ಟಿಗೆ ಅದು ನಿಜ. ಆದರೆ 2009ರಲ್ಲಿ ಅರ್ನೋ ಬ್ರಾಯಾರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಅಮೋನಾಯ್ಡ್‌ಗಳ ಲೆಕ್ಕ ಹಾಕಿ ತೋರಿಸಿದರು. ಇವು 10-20 ಲಕ್ಷ ವರ್ಷದೊಳಗೇ ಪರ್ಮಿಯನ್ ಕಾಲದ ಮಟ್ಟವನ್ನು ಮುಟ್ಟಿ ದಾಟಿದ್ದವು. ಬೇರೆ ಪ್ರಾಣಿಗಳು ಇನ್ನೂ ಮೂಲೆಯಲ್ಲಿ ಕೂತಿರುವಾಗ ಇವು ನೂರಕ್ಕೂ ಹೆಚ್ಚು ಕುಲಗಳಾಗಿ ಒಡೆದಿದ್ದವು. ಅಷ್ಟರಲ್ಲಿ ಮತ್ತೊಂದು ಸಣ್ಣ ಪೆಟ್ಟು ಬಿದ್ದು ಅರ್ಧಕ್ಕರ್ಧ ಹೋದವು, ಮತ್ತೆ ಬಂದವು.

ಇದೆಲ್ಲ ಎಲ್ಲಿಯ ಕಲ್ಲಿನಲ್ಲಿ ಬರೆದಿದೆ? ಒಂದು ಒಳ್ಳೆಯ ಜಾಗ ನಮ್ಮ ದೇಶದಲ್ಲೇ ಇದೆ. ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿ, ಪಿನ್ ಕಣಿವೆಯ ಕೊನೆಗೆ ಮುಡ್ ಅಂತ ಒಂದು ಹಳ್ಳಿ. ಅಲ್ಲಿನ ಸುಣ್ಣಕಲ್ಲು ಮತ್ತು ಜೇಡಿಕಲ್ಲಿನ ಪದರಗಳಲ್ಲಿ, ಈ ಅಳಿವಿನ ನಂತರ ಶುರುವಾದ ಟ್ರಯಾಸಿಕ್ ಕಾಲದ ಮೊದಲ ಅಮೋನಾಯ್ಡ್‌ಗಳು ಒಂದರ ಮೇಲೊಂದು ಕ್ರಮವಾಗಿ ಸಿಗುತ್ತವೆ. ಟ್ರಯಾಸಿಕ್‌ನ ಮೊದಲ ಎರಡು ಘಟ್ಟಗಳ ನಡುವಿನ ಗಡಿಗೆ ಇಡೀ ಜಗತ್ತಿನ ಅಳತೆಗೋಲು ಇದೇ ಆಗಲಿ ಅಂತ ಆ ಜಾಗವನ್ನು ಸೂಚಿಸಿದ್ದರು. ನಮ್ಮಲ್ಲಿ ಸ್ಪಿತಿಗೆ ಬೈಕ್ ಹತ್ತಿ ಹೋಗುವ ಹುಡುಗರು ಬಹಳ. ಅವರಿಗೆ ನನ್ನದೊಂದು ವಿನಂತಿ. ಮುಡ್‌ನಲ್ಲಿ ಟೀ ಕುಡಿದು ಸೆಲ್ಫಿ ತೆಗೆದುಕೊಂಡು ಹಾಗೇ ತಿರುಗಬೇಡಿ, ಹಿಂದಿನ ಗುಡ್ಡ ನೋಡಿ.

ಇವು ಯಾಕೆ ಇಷ್ಟು ಬೇಗ ಎದ್ದವು? ಉತ್ತರ ಮೊಟ್ಟೆಯಲ್ಲಿದೆ ಅಂತ ನನ್ನ ನಂಬಿಕೆ. ಅಮೋನೈಟ್ ಸುರುಳಿಯ ನಟ್ಟನಡುವೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು, ಒಂದು ಸಣ್ಣ ಗುಂಡಿ ಇದೆ. ಅದು ಮರಿ ಮೊಟ್ಟೆಯಿಂದ ಹೊರಬಂದಾಗಿನ ಚಿಪ್ಪು. ಅಳತೆ ಒಂದು ಮಿಲಿಮೀಟರ್‌ನ ಆಸುಪಾಸು. ಪ್ರಾಣಿ ಎಷ್ಟೇ ದೊಡ್ಡದಾಗಲಿ, ಮರಿ ಅಷ್ಟೇ. ನಾಟಿಲಸ್ ಮರಿ ಹುಟ್ಟುವಾಗಲೇ ಎರಡೂವರೆ, ಮೂರು ಸೆಂಟಿಮೀಟರ್. ಮೊಟ್ಟೆ ಒಡೆಯುವುದಕ್ಕೆ ಒಂದು ವರ್ಷದಷ್ಟು ಕಾಲ. ಅಮೋನೈಟ್ ಸಣ್ಣ ಮೊಟ್ಟೆ ಬಹಳ ಇಡುತ್ತಿತ್ತು, ಮರಿಗಳು ನೀರಿನ ಮೇಲ್ಪದರದಲ್ಲಿ ತೇಲಿ ದೂರ ದೂರ ಹೋಗುತ್ತಿದ್ದವು. ಬಹಳ ಸಾಯುತ್ತಿದ್ದವು, ಆದರೆ ಖಾಲಿ ಸಮುದ್ರ ಸಿಕ್ಕರೆ ತುಂಬುವುದಕ್ಕೆ ತಡ ಆಗುತ್ತಿರಲಿಲ್ಲ.

ನಾಲ್ಕನೇ ಪೆಟ್ಟು 20.1 ಕೋಟಿ ವರ್ಷದ ಹಿಂದೆ, ಟ್ರಯಾಸಿಕ್‌ನ ಕೊನೆಗೆ. ಸೆರಟೈಟ್‌ಗಳು ಪೂರ್ತಿ ಹೋದವು. ದಾಟಿದ್ದು ಬಹುಶಃ ಒಂದೆರಡು ಕವಲು. ಜುರಾಸಿಕ್, ಕ್ರಿಟೇಷಿಯಸ್‌ನ ಎಲ್ಲ ಅಮೋನೈಟ್‌ಗಳು, ನಮ್ಮ ದೇವರ ಮನೆಯವೂ ಸೇರಿ, ಆ ಒಂದೆರಡು ಕವಲಿನ ಸಂತಾನ.

ಜುರಾಸಿಕ್‌ನಲ್ಲಿ ಇವು ಎಷ್ಟು ಬೇಗ ಬದಲಾದವು ಅಂದರೆ, ಜರ್ಮನಿಯ ಆಲ್ಬರ್ಟ್ ಒಪ್ಪೆಲ್ 1850ರ ದಶಕದಲ್ಲಿ ಕಲ್ಲಿನ ಪದರಗಳನ್ನು ಅಮೋನೈಟ್ ಹೆಸರಿನಿಂದಲೇ ವಿಂಗಡಿಸಿದರು. ಇಂತಿಂಥ ಅಮೋನೈಟ್ ಸಿಕ್ಕರೆ ಇಂತಿಂಥ ವಯಸ್ಸು. ಹೀಗೆ ವಿಂಗಡಿಸಿದ ಒಂದೊಂದು ಪದರದ ಅವಧಿ ಹತ್ತು ಲಕ್ಷ ವರ್ಷ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ನಮ್ಮ ಕಛ್‌ನ ಜುರಾಸಿಕ್ ಅಮೋನೈಟ್‌ಗಳನ್ನು ವಿಲ್ಹೆಲ್ಮ್ ವಾಗೆನ್ 1870ರ ದಶಕದಲ್ಲಿ ವರ್ಣಿಸಿದರು. ಆಮೇಲೆ ಎಲ್. ಎಫ್. ಸ್ಪಾತ್ 1927ರಿಂದ 1933ರ ತನಕ ಅದನ್ನೆಲ್ಲ ತಿರುಗಿ ತಿದ್ದಿದರು. ಸ್ಪಾತ್ ಹೊಸ ಹೆಸರು ಕೊಡುವುದರಲ್ಲಿ ಬಹಳ ಧಾರಾಳಿ. ಸ್ವಲ್ಪ ಏಣು ದಪ್ಪ ಇದ್ದರೆ ಒಂದು ಹೆಸರು, ತೆಳ್ಳಗಿದ್ದರೆ ಇನ್ನೊಂದು.

ವೈವಿಧ್ಯದ ಲೆಕ್ಕ ಹಾಕುವವರಿಗೆ ತಲೆನೋವು ಶುರುವಾಗುವುದು ಇಲ್ಲೇ. ಎಷ್ಟು ಪ್ರಭೇದ ಇದ್ದವು ಅನ್ನುವುದು ಎಷ್ಟು ಹೆಸರು ಇಟ್ಟರು ಅನ್ನುವುದರ ಮೇಲೂ ನಿಂತಿದೆ. 1960ರ ದಶಕದ ಆರಂಭದಲ್ಲಿ ಪೋಲೆಂಡಿನ ಹೆನ್ರಿಕ್ ಮಕೋವ್‌ಸ್ಕಿ ಮತ್ತು ಇಂಗ್ಲೆಂಡಿನ ಜಾನ್ ಕ್ಯಾಲೊಮನ್ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. ಒಂದೇ ಪದರದಲ್ಲಿ ಜೊತೆಯಾಗಿ ಸಿಗುವ ದೊಡ್ಡ ನುಣುಪು ಚಿಪ್ಪು ಮತ್ತು ಬಾಯಿಯ ಹತ್ತಿರ ಕಿವಿಯಂಥ ಚಾಚು ಇರುವ ಸಣ್ಣ ಚಿಪ್ಪು ಎರಡು ಪ್ರಭೇದ ಅಲ್ಲ, ಹೆಣ್ಣು ಮತ್ತು ಗಂಡು. ಒಳಗಿನ ಸುತ್ತುಗಳು ಎರಡರಲ್ಲೂ ಒಂದೇ ಇದ್ದವು, ಹೊರ ಸುತ್ತಿಗೆ ಬಂದಾಗ ಮಾತ್ರ ದಾರಿ ಬೇರೆಯಾಗಿತ್ತು. ಗಂಡ ಹೆಂಡತಿಗೆ ನಾವು ಎರಡು ಕುಲನಾಮ ಕೊಟ್ಟು ನೂರು ವರ್ಷ ದೂರ ಇಟ್ಟಿದ್ದೆವು. ಅಂದಹಾಗೆ ಕ್ಯಾಲೊಮನ್ ವೃತ್ತಿಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಅಮೋನೈಟ್ ಅವರ ಹವ್ಯಾಸ.

ಇನ್ನೊಂದು ತಲೆನೋವು ಕಲ್ಲಿನದೇ. ಸಮುದ್ರ ಮಟ್ಟ ಏರಿದ ಕಾಲದಲ್ಲಿ ಭೂಖಂಡಗಳ ಅಂಚು ಮುಳುಗುತ್ತದೆ, ಕೆಸರು ಶೇಖರವಾಗುತ್ತದೆ, ಪಳೆಯುಳಿಕೆ ಜಾಸ್ತಿ ಸಿಗುತ್ತದೆ. ನೀರು ಇಳಿದ ಕಾಲದ ಪದರವೇ ಇರುವುದಿಲ್ಲ. ಯುರೋಪಿನ ಹಳ್ಳಿ ಹಳ್ಳಿಯಲ್ಲಿ ಇನ್ನೂರು ವರ್ಷದಿಂದ ಕಲ್ಲು ಆಯ್ದಿದ್ದಾರೆ, ಬೇರೆ ಕಡೆ ಹಾಗೆ ಆಯ್ದಿಲ್ಲ. ಇದನ್ನೆಲ್ಲ ಸರಿದೂಗಿಸದೆ ಸುಮ್ನೆ ಹೆಸರು ಎಣಿಸಿದರೆ ಸಿಗುವುದು ಆಯ್ದವರ ಚರಿತ್ರೆ, ಪ್ರಾಣಿಯ ಚರಿತ್ರೆ ಅಲ್ಲ. ಆದರೂ ಆ ಐದು ಪೆಟ್ಟು ಮಾತ್ರ ಯಾವ ರೀತಿಯಲ್ಲಿ ಎಣಿಸಿದರೂ ಉಳಿಯುತ್ತವೆ.

ಕ್ರಿಟೇಷಿಯಸ್ ಕಾಲಕ್ಕೆ ದಕ್ಷಿಣ ಭಾರತದಲ್ಲೇ ಒಳ್ಳೆಯ ಜಾಗ ಇದೆ, ತಮಿಳುನಾಡಿನ ಅರಿಯಲೂರು-ತಿರುಚಿರಾಪಳ್ಳಿ ಕಡೆ. ಇಲ್ಲಿನ ಅಮೋನೈಟ್‌ಗಳನ್ನು ಕೂತು ವರ್ಣಿಸಿದವರು ಫರ್ಡಿನೆಂಡ್ ಸ್ಟೋಲಿಚ್ಕ. ಮೊರಾವಿಯಾದಿಂದ ಬಂದು ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಹುಡುಗ. 1860ರ ದಶಕದಿಂದ ಸಂಪುಟಗಟ್ಟಲೆ ಬರೆದರು. ಅಮೋನೈಟ್ ಮುಗಿಸಿ ಶಂಖ, ಶಂಖ ಮುಗಿಸಿ ಕಪ್ಪೆಚಿಪ್ಪು. 1874ರಲ್ಲಿ ಮಧ್ಯ ಏಷ್ಯಾದ ಯಾರ್ಕಂದ್‌ನಿಂದ ಮರಳುವಾಗ ಲಡಾಖ್‌ನ ಎತ್ತರದಲ್ಲಿ ತೀರಿಕೊಂಡರು. ವಯಸ್ಸು 36. ಲೇಹ್‌ನಲ್ಲಿ ಅವರ ಸ್ಮಾರಕ ಇದೆ. ದಕ್ಷಿಣ ಭಾರತದ ಪಳೆಯುಳಿಕೆ ಬಗ್ಗೆ ಇವತ್ತು ಯಾರೇ ಬರೆಯಲಿ, ಮೊದಲು ಸ್ಟೋಲಿಚ್ಕ ಅವರ ಚಿತ್ರ ತೆಗೆದು ನೋಡಲೇಬೇಕು.

ಕ್ರಿಟೇಷಿಯಸ್‌ನಲ್ಲಿ ಕೆಲವು ಅಮೋನೈಟ್‌ಗಳು ಸುರುಳಿಯನ್ನೇ ಬಿಟ್ಟವು. ಬಾಕ್ಯುಲೈಟಿಸ್ ತಿರುಗಿ ನೆಟ್ಟಗಾಯಿತು. ಟರ್ರಿಲೈಟಿಸ್ ಗೋಪುರದ ಹಾಗೆ ಮೇಲಕ್ಕೆ ಸುತ್ತಿತು. ಜಪಾನಿನಲ್ಲಿ ಸಿಕ್ಕ ನಿಪ್ಪೊನೈಟಿಸ್ ಅನ್ನು ಅಲ್ಲಿನ ವಿಜ್ಞಾನಿ ಯಾಬೆ 1904ರಲ್ಲಿ ವರ್ಣಿಸಿದಾಗ, ಇದು ಯಾವುದೋ ರೋಗ ಬಂದ ಚಿಪ್ಪು ಅಂದವರಿದ್ದರು. ಅದು ಅಷ್ಟು ಗಂಟುಗಂಟು. ಅದೇ ಗಂಟು ಬೇರೆ ಚಿಪ್ಪುಗಳಲ್ಲೂ ಕ್ರಮ ತಪ್ಪದೆ ಸಿಕ್ಕ ಮೇಲೆ ಬಾಯಿ ಮುಚ್ಚಿದರು. ಇನ್ನೊಂದು ಕಡೆ, ಜರ್ಮನಿಯ ಸೆಪ್ಪನ್‌ರಾಡೆಯಲ್ಲಿ 1895ರಲ್ಲಿ ಸಿಕ್ಕ ಪ್ಯಾರಾಪುಜೋಸಿಯಾ ಚಿಪ್ಪಿನ ಅಡ್ಡಳತೆ 1.74 ಮೀಟರ್. ನನಗಿಂತ ಎತ್ತರ.

ಹಿಂದಿನ ಶತಮಾನದಲ್ಲಿ ಒಂದು ವಾದ ಬಹಳ ಓಡಾಡಿತು. ಪ್ರಾಣಿಗೆ ಬರುವ ಹಾಗೆ ವಂಶಕ್ಕೂ ಮುಪ್ಪು ಬರುತ್ತದೆ, ಈ ಸುರುಳಿ ಬಿಚ್ಚಿದ ವಿಕಾರಗಳೇ ಅದರ ಗುರುತು, ಇವು ಹೇಗೂ ಸಾಯುವವೇ ಇದ್ದವು ಅಂತ. ಕೇಳುವುದಕ್ಕೆ ಚಂದ, ಸತ್ಯ ಅಲ್ಲ. ಸುರುಳಿ ಬಿಚ್ಚಿದವು ಟ್ರಯಾಸಿಕ್‌ನ ಕೊನೆಯಲ್ಲೂ ಇದ್ದವು, ಜುರಾಸಿಕ್‌ನಲ್ಲೂ ಇದ್ದವು. ಬಾಕ್ಯುಲೈಟಿಸ್ ಅಂತೂ ಉತ್ತರ ಅಮೆರಿಕದ ಆಗಿನ ಸಮುದ್ರದಲ್ಲಿ ಎಷ್ಟು ತುಂಬಿತ್ತು ಅಂದರೆ ಅಲ್ಲಿನ ಪದರಗಳ ವಯಸ್ಸನ್ನು ಅದರ ಪ್ರಭೇದಗಳಿಂದಲೇ ಹೇಳುತ್ತಾರೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಪಂಚದ ಬೇರೆ ಬೇರೆ ಭಾಗದ ಲೆಕ್ಕ ತೆಗೆದಾಗ, ಕ್ರಿಟೇಷಿಯಸ್ ಕೊನೆಯ ಅಮೋನೈಟ್‌ಗಳು ಒಂದು ಕಡೆ ಇಳಿದರೆ ಇನ್ನೊಂದು ಕಡೆ ಚೆನ್ನಾಗೇ ಇದ್ದವು. ಇಡೀ ವಂಶ ಹಾಸಿಗೆ ಹಿಡಿದಿತ್ತು ಅನ್ನುವ ಮಾತು ನಿಲ್ಲುವುದಿಲ್ಲ.

ಹಾಗಾದರೆ ಐದನೇ ಪೆಟ್ಟಿನಲ್ಲಿ ಯಾಕೆ ಹೋದವು?

ಇವು ಏನು ತಿನ್ನುತ್ತಿದ್ದವು ಅನ್ನುವುದರಿಂದ ಶುರು ಮಾಡೋಣ. 2011ರಲ್ಲಿ ಬಾಕ್ಯುಲೈಟಿಸ್‌ನ ಒಂದು ಪಳೆಯುಳಿಕೆಯನ್ನು, ಬಹಳ ಬಲವಾದ ಎಕ್ಸ್‌ರೇ ಕೊಡುವ ಯಂತ್ರವಾದ, ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್‌ನಲ್ಲಿ ಇಟ್ಟು ಎಕ್ಸ್‌ರೇ ತೆಗೆದರು. ಕಲ್ಲು ಒಡೆಯದೆ ಬಾಯಿಯ ಒಳಗೆ ನೋಡಿದರು. ದವಡೆ ಇತ್ತು, ಸಣ್ಣ ಹಲ್ಲುಗಳ ಸಾಲಿತ್ತು, ದವಡೆಯ ನಡುವೆ ಕೊನೆಯ ಊಟವೂ ಇತ್ತು. ಸೀಗಡಿ ಜಾತಿಯ ಸಣ್ಣ ಪ್ರಾಣಿಯ ತುಂಡು, ಬಸವನಹುಳುವಿನ ಮರಿ. ಅಂದರೆ ನೀರಿನಲ್ಲಿ ತೇಲುವ ಪುಡಿ ಜೀವಿಗಳು, ಪ್ಲ್ಯಾಂಕ್ಟನ್. ದೊಡ್ಡವೇ ಇದನ್ನು ತಿನ್ನುತ್ತಿದ್ದವು ಅಂದಮೇಲೆ ಒಂದು ಮಿಲಿಮೀಟರ್ ಮರಿಗಳು ಬೇರೆ ಏನು ತಿಂದಾವು?

6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೋದ ಚಿಕ್ಸುಲುಬ್ ಬಳಿ ಆಕಾಶದಿಂದ ಬಂಡೆ ಬಿತ್ತು. ದೂಳು, ಮಸಿ, ಗಂಧಕ ಮೇಲೇರಿ ಸೂರ್ಯ ಮರೆಯಾದ. ಬೆಳಕಿಲ್ಲದೆ ಸಮುದ್ರದ ಮೇಲ್ಪದರದ ಪ್ಲ್ಯಾಂಕ್ಟನ್ ಸತ್ತವು. ಅದೇ ಪದರದ ನೀರಿನಲ್ಲಿ ಆಮ್ಲದ ಅಂಶವೂ ಏರಿತು. ಸುಣ್ಣದ ತೆಳ್ಳಗಿನ ಚಿಪ್ಪಿನ ಮರಿಗೆ ಊಟವೂ ಇಲ್ಲ, ಮನೆಯೂ ಇಲ್ಲ. ನಾಟಿಲಸ್‌ನ ಮರಿ ಬೇಕಾದಷ್ಟು ಹಳದಿ ಇರುವ ದೊಡ್ಡ ಮೊಟ್ಟೆಯೊಳಗೆ ತಿಂಗಳುಗಟ್ಟಲೆ ಕೂತಿತ್ತು. ಹೊರಬಂದ ಮೇಲೂ ಆಳದಲ್ಲಿ, ಸತ್ತದ್ದು ಕೆಟ್ಟದ್ದು ತಿಂದು ಬದುಕಿತು. ಹಿಂದಿನ ನಾಲ್ಕು ಸಲ ಅಮೋನೈಟ್‌ಗಳನ್ನು ಮೇಲೆತ್ತಿದ ಆ ಸಣ್ಣ ಮೊಟ್ಟೆಯೇ ಈ ಸಲ ಮುಳುಗಿಸಿತು. ಇದು ಒಪ್ಪಿತವಾದ ಸಿದ್ಧಾಂತ ಅಂತ ಹೇಳಲಾರೆ, ಕಾರಣಗಳು ಇನ್ನೂ ಇರಬಹುದು. ನನಗೆ ಇದಕ್ಕಿಂತ ಸರಿಹೊಂದುವ ವಿವರಣೆ ಕಂಡಿಲ್ಲ.

ಬಂಡೆ ಬಿದ್ದ ದಿನವೇ ಎಲ್ಲವೂ ಸಾಯಲಿಲ್ಲ. ಡೆನ್ಮಾರ್ಕಿನ ಸ್ಟೆವನ್ಸ್ ಕ್ಲಿಂಟ್‌ನಲ್ಲಿ ಬಂಡೆಯ ದೂಳು ಕೂತ ಗಡಿ ಪದರದ ಮೇಲೂ ಬಾಕ್ಯುಲೈಟಿಸ್ ಮತ್ತು ಸ್ಕ್ಯಾಫೈಟ್ ಜಾತಿಯವು ಸಿಕ್ಕಿವೆ. ಕೆಲವರು ಇನ್ನೂ ಸಾವಿರಾರು ವರ್ಷ ಉಸಿರು ಹಿಡಿದಿದ್ದರು ಅಂತ ಇದನ್ನು ಓದುತ್ತಾರೆ. ಗಮನಿಸಿ, ಹೀಗೆ ದಾಟಿದವು ಮುಪ್ಪಿನ ಗುರುತು ಅಂತ ಬೈಸಿಕೊಂಡ ಅದೇ ಸುರುಳಿ ಬಿಚ್ಚಿದ ಬಳಗದವು.

ನಂತರ ಪ್ರಶ್ನೆಗಳು ಬಂದವು.

ಒಬ್ಬ ಯುವಕ ಕೇಳಿದ, “ಸರ, ಬೆಳಗಾವಿ ಕಡೆ ಕರಿಕಲ್ಲು ಐತಲ್ಲ, ಆ ಲಾವಾದಿಂದನ ಸತ್ತವು ಅಂತಾರಲ್ರಿ?”

ಒಳ್ಳೆಯ ಪ್ರಶ್ನೆ. ಬೆಳಗಾವಿ, ವಿಜಯಪುರದಿಂದ ಮಹಾರಾಷ್ಟ್ರದ ಉದ್ದಕ್ಕೂ ಹಾಸಿರುವ ದಖ್ಖನ್ ಲಾವಾ ಅದೇ ಕಾಲದ್ದು. ಬಂಡೆ ಬೀಳುವ ಮೊದಲೇ ಶುರುವಾಗಿ, ಬಿದ್ದ ಮೇಲೂ ಹರಿಯಿತು. ಪರ್ಮಿಯನ್ ಕೊನೆಗೆ ಸೈಬೀರಿಯಾದ ಲಾವಾ ಮಾಡಿದ್ದು ನೋಡಿದರೆ ಅನುಮಾನ ಬರುವುದು ಸಹಜ. ದಖ್ಖನ್ ಲಾವಾ ಹವೆಯನ್ನು ಏರುಪೇರು ಮಾಡಿತ್ತು, ಅದರಲ್ಲಿ ಸಂಶಯ ಇಲ್ಲ. ಆದರೆ ಪ್ಲ್ಯಾಂಕ್ಟನ್ ಅಳಿವು ಒಮ್ಮೆಲೆ ಆಗಿದೆ, ಅದೂ ಬಂಡೆಯ ದೂಳಿನ ಪದರದ ಜೊತೆಗೇ. ಹಾಗಾಗಿ ಮುಖ್ಯ ಆರೋಪಿ ಬಂಡೆ ಅಂತ ನಾನೂ ಒಪ್ಪುತ್ತೇನೆ.

ಹಾವೇರಿ ಕಡೆಯಿಂದ ಬಂದಿದ್ದ ಶಿಕ್ಷಕಿಯೊಬ್ಬರು, ಮಕ್ಕಳಿಗೆ ಎಲ್ಲಿ ತೋರಿಸಬೇಕು ಅಂತ ಕೇಳಿದರು. ಕಛ್, ಸ್ಪಿತಿ ದೂರ. ತಿರುಚಿರಾಪಳ್ಳಿ ಹತ್ತಿರದ ಕಾರೈ ಎಂಬಲ್ಲಿ ಮಳೆಗೆ ಕೊರೆದುಹೋದ ಜೇಡಿಮಣ್ಣಿನ ಬಯಲಿದೆ. ಅಲ್ಲಿ ಅಮೋನೈಟ್ ಜೊತೆಗೆ ಬೆಲೆಮ್ನೈಟ್ ಕಾಣುತ್ತದೆ, ಗುಂಡಿನ ಆಕಾರದ ಉದ್ದನೆ ಕಲ್ಲು. ಅದು ಬೊಂಡಾಸಿನಂಥ ಒಂದು ಪ್ರಾಣಿಯ ಮೈಯೊಳಗಿನ ಚಿಪ್ಪು. ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿಗೆ ಹೋಗುತ್ತದೆ. ಎಷ್ಟು ಅಮೋನೈಟ್ ನಮ್ಮ ಗೋಡೆಗಳಲ್ಲಿ ಸೇರಿದೆಯೋ ಯಾರು ಲೆಕ್ಕ ಇಟ್ಟಿದ್ದಾರೆ?

ಕೊನೆಗೆ ಮುಂದಿನ ಸಾಲಿನ ಹುಡುಗನೊಬ್ಬ, “ಸರ, ಹುಬ್ಬಳ್ಳಿ ಮಾರ್ಕೆಟ್‌ನ್ಯಾಗ ಬೊಂಡಾಸ್ ಸಿಗತೈತ್ರಿ. ಅದು ಅಮೋನೈಟ್‌ಗೆ ಏನಾಗಬೇಕು?” ಅಂದ. ಎಲ್ಲರೂ ನಕ್ಕರು, ಆದರೆ ಅವತ್ತಿನ ಚೊಲೋ ಪ್ರಶ್ನೆ ಅದೇ.

ಚಿಪ್ಪು ನೋಡಿದರೆ ಅಮೋನೈಟ್‌ಗೆ ನಾಟಿಲಸ್ಸೇ ಹತ್ತಿರದ ನೆಂಟ ಅನ್ನಿಸುತ್ತದೆ. ವಂಶ ನೋಡಿದರೆ ಹಾಗಿಲ್ಲ. ನೆಟ್ಟಗಿನ ಚಿಪ್ಪಿನ ಬ್ಯಾಕ್ಟ್ರೈಟ್ ಎಂಬ ಒಂದೇ ಬಳಗದಿಂದ ಒಂದು ಕಡೆ ಅಮೋನಾಯ್ಡ್‌ಗಳು, ಇನ್ನೊಂದು ಕಡೆ ಬೊಂಡಾಸ್, ಆಕ್ಟೋಪಸ್‌ಗಳ ಹಿರಿಯರು ಬಂದರು. ನಾಟಿಲಸ್‌ನ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು. ಬೊಂಡಾಸ್ ಚಿಪ್ಪನ್ನು ಒಳಗೆ ಎಳೆದುಕೊಂಡಿತು. ಸ್ವಚ್ಛ ಮಾಡುವಾಗ ಬೆನ್ನಿನಿಂದ ಎಳೆದು ಬಿಸಾಡುತ್ತೀರಲ್ಲ, ಪ್ಲಾಸ್ಟಿಕ್ಕಿನಂಥ ಪಾರದರ್ಶಕ ಕಡ್ಡಿ, ಅದೇ ಉಳಿದ ಚಿಪ್ಪು. ಕಟ್ಲ್‌ಫಿಶ್‌ನಲ್ಲಿ ಇನ್ನೂ ಚೆನ್ನಾಗಿದೆ. ಆಯುರ್ವೇದದಲ್ಲಿ ಸಮುದ್ರಫೇನ ಅನ್ನುವ ಬಿಳಿ ಹಗುರ ತುಂಡು ಅದರ ಬೆನ್ನಿನದು. ಅದನ್ನು ಅಡ್ಡ ಮುರಿದು ಭೂತಗನ್ನಡಿ ಹಿಡಿದರೆ ಪದರ ಪದರವಾಗಿ ಸಣ್ಣ ಕೋಣೆಗಳು, ನಡುವೆ ಸಾಲುಗಂಬ. ನೀರು ತೆಗೆದು ಗಾಳಿ ತುಂಬುವ ಆ ಹಳೆಯ ಉಪಾಯ ಅಲ್ಲಿ ಇವತ್ತಿಗೂ ನಡೆದಿದೆ.

ಈಗ ಬದುಕಿರುವ ಸೆಫಲೋಪಾಡ್‌ಗಳು ಸುಮಾರು 800 ಪ್ರಭೇದ. ಹೆಚ್ಚುಕಮ್ಮಿ ಎಲ್ಲವೂ ಹೊರಚಿಪ್ಪು ಬಿಟ್ಟವೇ. ಬೇಗ ಬೆಳೆದು, ಬೇಗ ಮೊಟ್ಟೆಯಿಟ್ಟು, ಒಂದೆರಡು ವರ್ಷದಲ್ಲಿ ಸಾಯುವ ಜಾತಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 1950ರ ದಶಕದಿಂದ ಇವುಗಳ ಸಂಖ್ಯೆ ಸಮುದ್ರದಲ್ಲಿ ಏರುತ್ತಲೇ ಇದೆ. ನಾಟಿಲಸ್ ಬಳಗದ್ದು ಬೆರಳೆಣಿಕೆಯ ಪ್ರಭೇದ. ಮೊಟ್ಟೆಯಿಡುವ ವಯಸ್ಸಿಗೆ ಬರುವುದಕ್ಕೇ ಅದಕ್ಕೆ ಹತ್ತು ವರ್ಷಕ್ಕೂ ಮೇಲೆ ಬೇಕು, ಇಡುವ ಮೊಟ್ಟೆಯೂ ಕೆಲವೇ. ಬಂಡೆ ಬಿದ್ದಾಗ ಆ ನಿಧಾನವೇ ಕಾಪಾಡಿತು. ಈಗ ಚಂದದ ಚಿಪ್ಪಿಗಾಗಿ ಫಿಲಿಪ್ಪೀನ್ಸ್, ಇಂಡೊನೇಷ್ಯಾ ಕಡೆ ಬೋನು ಇಳಿಬಿಟ್ಟು ಹಿಡಿಯುತ್ತಾರೆ, ಹಿಡಿದಷ್ಟು ಬೇಗ ಅದು ಹುಟ್ಟುವುದಿಲ್ಲ. 2016ರಲ್ಲಿ ಅದನ್ನು ಸೈಟಿಸ್ ಎಂಬ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ. ಒಂದು ದೇಶದಿಂದ ಇನ್ನೊಂದಕ್ಕೆ ಅದರ ಚಿಪ್ಪು ಸಾಗಿಸಬೇಕಾದರೆ ಈಗ ಪರವಾನಗಿ ಬೇಕು.